ಪಕ್ಷಾಂತರವೂ ಚಿಹ್ನೆಯೂ

ಗಣಿತದ ತರಗತಿಯಲ್ಲಿ ಕೇಳಿಬರುವ ಒಂದು ನಿಯಮ ರಾಜಕೀಯಕ್ಕೂ ಸಲ್ಲುತ್ತದೆ: ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ. ಎಡಗಡೆಯ ಪ್ಲಸ್ ಬಲಗಡೆಗೆ ಹೋದರೆ ಮೈನಸ್. ಯಾಕೆ ಎಂದು ಕೇಳುವವರು ಕಡಿಮೆ. ನಿಜಕ್ಕೂ ಅಲ್ಲಿ ಯಾರೂ ಗಡಿ ದಾಟಿರುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಯಿಂದ ಒಂದೇ ತೂಕವನ್ನು ತೆಗೆದಿರುತ್ತೇವೆ, ಅಷ್ಟೆ.

ಈ 'ಯಾಕೆ' ತಪ್ಪಿಹೋದದ್ದರ ಫಲ ಕಾಣುವುದು ಚಲನೆಯ ಪಾಠದಲ್ಲಿ. 'ವಿ ಈಕ್ವಲ್ಸ್ ಯು ಪ್ಲಸ್ ಎ ಟಿ' ಎಂದು ಶುರುವಾಗುವ ಸಮೀಕರಣಗಳು ಮೂರೇ. ಒಂದೊಂದರಲ್ಲೂ ನಾಲ್ಕು ಅಕ್ಷರ. ಪ್ರತಿ ಅಕ್ಷರವನ್ನೂ ಒಂಟಿಯಾಗಿ ಎಡಗಡೆ ನಿಲ್ಲಿಸಿದರೆ 12 ಸೂತ್ರ. ಮುಕ್ತ ಪತನ ಬಂದಾಗ ಎ ಹೋಗಿ ಜಿ ಬರುತ್ತದೆ. ಬೀಳುವ ಕಲ್ಲಿಗೊಂದು ಪಟ್ಟಿ, ಮೇಲೇರುವ ಚೆಂಡಿಗೊಂದು ಪಟ್ಟಿ. ಮೂರಿದ್ದದ್ದು 36 ಆಯಿತು. ಪರೀಕ್ಷೆಯಲ್ಲಿ ಹೊತ್ತು ಉಳಿಯುತ್ತದೆ ಎಂದು ಮಕ್ಕಳು ಅಷ್ಟನ್ನೂ ಉರು ಹೊಡೆಯುತ್ತಾರೆ. ಎರಡು ಅಂಕದ ಪ್ರಶ್ನೆಗೆ ಈ ಉಪಾಯ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. ಪ್ರಶ್ನೆ ಸ್ವಲ್ಪ ಮಗ್ಗುಲು ಬದಲಿಸಿದರೆ ಮಾತ್ರ ಪಟ್ಟಿ ಕೈಕೊಡುತ್ತದೆ.

ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀಳುವ ವಸ್ತುವಿನ ನಿಯಮವಿದೆ, ಆದರೆ ಇಂದಿನ ಬೀಜಗಣಿತದ ಸಮೀಕರಣವಿಲ್ಲ. ಸಮ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7ರ ಅನುಪಾತದಲ್ಲಿರುತ್ತವೆ ಎಂದು ಅವನು ರೇಖೆ ಎಳೆದು, ಅನುಪಾತ ಹಿಡಿದು ಸಾಧಿಸಿದ. ಪ್ರಶ್ನೆ ಬದಲಾದಂತೆ ಮತ್ತೊಂದು ಪ್ರಮೇಯ, ಮತ್ತೊಂದು ಸಾಧನೆ. ಆ ಶ್ರಮವನ್ನು ನಮಗೆ ತಪ್ಪಿಸಿದ್ದು ಬೀಜಗಣಿತ: ಒಂದು ವಾಕ್ಯವನ್ನು ಹಿಡಿದು ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು. ತಿರುಗಿಸಿದ ಪ್ರತಿ ರೂಪವನ್ನೂ ಬೇರೆಬೇರೆ ಸೂತ್ರವೆಂದು ಬಾಯಿಪಾಠ ಮಾಡುವವರು ಆ ವರವನ್ನೇ ಕೈಬಿಟ್ಟಂತೆ.

ಆಳವಾದ ಬಾವಿಗೆ ಕಲ್ಲೊಂದನ್ನು ಬಿಡಿ. ಆದಿವೇಗ ಸೊನ್ನೆಯಾದ್ದರಿಂದ ಆಳವೆಂದರೆ 4.9ನ್ನು ಕಾಲದ ವರ್ಗದಿಂದ ಗುಣಿಸಿದಷ್ಟು ಮೀಟರ್. ಕಾಲ ಗೊತ್ತಿದ್ದರೆ ಆಳ ಸಿಗುತ್ತದೆ. ಆಳ ಗೊತ್ತಿದ್ದರೆ ಕಾಲ. ಎರಡೂ ಗೊತ್ತಿದ್ದರೆ ಗುರುತ್ವ ವೇಗೋತ್ಕರ್ಷವೇ ಸಿಗುತ್ತದೆ. ರಾಜಕೀಯದಲ್ಲಿ ಪಕ್ಷಾಂತರವಾದ ಮೇಲೆ ಹಿಂದಿನ ಮಾತು ಉಳಿಯುವುದಿಲ್ಲ. ಸಮೀಕರಣ ಹಾಗಲ್ಲ, ಎಷ್ಟು ಸಲ ಪಕ್ಷಾಂತರವಾದರೂ ಅದು ಆಡುವ ಮಾತು ಒಂದೇ.

ಆದರೆ ಯಾವ ಅಕ್ಷರದ ಜಾಗಕ್ಕೆ ಏನನ್ನು ಹಾಕಬೇಕೆಂಬುದನ್ನು ಸಮೀಕರಣ ಹೇಳಿಕೊಡುವುದಿಲ್ಲ. 'ಗುಳುಂ' ಸದ್ದು ಕೇಳಲು 3 ಸೆಕೆಂಡ್ ಹಿಡಿಯಿತೆನ್ನಿ. ನೇರವಾಗಿ ಲೆಕ್ಕ ಹಾಕಿದರೆ ಆಳ 44.1 ಮೀಟರ್. ಆದರೆ ಆ ಮೂರು ಸೆಕೆಂಡಿನಲ್ಲಿ ಕಲ್ಲು ಬಿದ್ದ ಹೊತ್ತೂ ಇದೆ, ಸದ್ದು ಮೇಲೆ ಬಂದ ಹೊತ್ತೂ ಇದೆ. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ನಿಜವಾದ ಆಳ ಸುಮಾರು 40.7 ಮೀಟರ್. 36 ಸೂತ್ರಗಳಲ್ಲಿ ಯಾವುದೂ ಇದರ ಬಗ್ಗೆ ಎಚ್ಚರಿಸದು.

ಇನ್ನು ಚಿಹ್ನೆಯ ಮಾತು. ಹತ್ತು ಮೀಟರ್ ಎತ್ತರದ ತಾರಸಿಯ ಅಂಚಿನಿಂದ ಚೆಂಡನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ನೆಲ ಮುಟ್ಟುವುದು ಯಾವಾಗ? ಪಟ್ಟಿ ನಂಬಿದವರು ಏರುವುದಕ್ಕೊಂದು, ಇಳಿಯುವುದಕ್ಕೊಂದು ಲೆಕ್ಕ ಮಾಡಿ ಕೂಡಿಸುತ್ತಾರೆ. ಅದು ತಪ್ಪಲ್ಲ, ಸುತ್ತುದಾರಿ. ಮೇಲಕ್ಕೆ ಪ್ಲಸ್ ಎಂದು ಮೊದಲೇ ಬಾಣದ ಗುರುತು ಹಾಕಿಕೊಂಡರೆ ಗುರುತ್ವವೂ ಮೈನಸ್, ನೆಲವೂ ಮೈನಸ್ ಹತ್ತು. ಒಂದೇ ವರ್ಗ ಸಮೀಕರಣ ಸಾಕು. ಉತ್ತರ ಎರಡು ಬರುತ್ತವೆ: ಸುಮಾರು 2 ಸೆಕೆಂಡ್, ಮತ್ತು ಮೈನಸ್ 1 ಸೆಕೆಂಡ್.

ಮೈನಸ್ ಉತ್ತರವನ್ನು ಗೀಟು ಹಾಕಿ ಹೊಡೆದುಹಾಕುವುದು ವಾಡಿಕೆ. ಹೊಡೆಯುವ ಮೊದಲು ಅದು ಏನೆನ್ನುತ್ತಿದೆಯೆಂದು ಕೇಳಬೇಕು. ನಾವು ಎಸೆಯುವುದಕ್ಕೆ ಒಂದು ಸೆಕೆಂಡ್ ಮೊದಲೇ ಯಾರಾದರೂ ನೆಲದಿಂದ ತಕ್ಕ ವೇಗದಲ್ಲಿ ಚೆಂಡೆಸೆದಿದ್ದರೆ, ಅದು ತಾರಸಿಯ ಅಂಚನ್ನು ನಮ್ಮ ಚೆಂಡಿನ ವೇಗದಲ್ಲೇ ದಾಟಿ, ಅದರ ಜೊತೆಯಲ್ಲೇ ಕೆಳಗಿಳಿಯುತ್ತಿತ್ತು. ಕೈಯಿಂದ ಎಸೆದದ್ದೋ ಕೆಳಗಿನಿಂದ ಬಂದದ್ದೋ ಎಂಬುದು ಸಮೀಕರಣಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ತಾರಸಿಯ ಮೇಲೆ ನಿಂತವರಿಗೆ. ಗೀಟು ಹಾಕುವ ಹಕ್ಕು ಬರುವುದೂ ಆ ತಿಳಿವಿನಿಂದಲೇ.