‘ಯಾರ ಪೈಕಿ?’ ಎಂದು ಕೇಳದ ಒಂದೇ ಬಾಗಿಲು



ಸ್ಪರ್ಧಾತ್ಮಕ ಪರೀಕ್ಷೆಗೆಂದು ಐದಾರು ವರ್ಷ ಕಳೆಯುವ ಹುಡುಗರು ಸರ್ಕಾರಿ ನೌಕರಿಯ ಹುಚ್ಚು ಬಿಡಬೇಕು ಎಂಬ ಬುದ್ಧಿಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಇದನ್ನು ನಾನು ಒಪ್ಪಲಾರೆ.

ನಾನಿರುವುದು ಪುಣೆಯ ಸದಾಶಿವ ಪೇಠದಲ್ಲಿ. ಈ ಹುಡುಗರೇ ನನ್ನ ನೆರೆಹೊರೆ. ಒಂದು ಕೋಣೆಯಲ್ಲಿ ನಾಲ್ಕೈದು ಮಂಚ, ಮೆಸ್ಸಿನ ಊಟ, ರಾತ್ರಿಯವರೆಗೆ ಅಭ್ಯಾಸಿಕೆ ಎನ್ನುವ ಓದುಕೋಣೆಯಲ್ಲಿ ಓದು. ಗಡಿಯ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಮಕ್ಕಳೂ ಇದ್ದಾರೆ. 2024ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆಯೂ ಬ್ಯಾಂಕ್ ಪರೀಕ್ಷೆಯೂ ಒಂದೇ ದಿನ ಬಂದಾಗ ಶಾಸ್ತ್ರಿ ರಸ್ತೆಯಲ್ಲಿ ಧರಣಿ ಕೂತು, ಆಯೋಗ ದಿನಾಂಕ ಮುಂದೂಡುವಂತೆ ಮಾಡಿದವರು ಇವರೇ.

ಊರಿನಲ್ಲೇ ಏನಾದರೂ ನೋಡಿಕೊಳ್ಳಬಾರದೇ ಎಂದು ಜತ್ತದ ಹುಡುಗನೊಬ್ಬನನ್ನು ನಾನೂ ಕೇಳಿದ್ದೆ. “ಸಹಕಾರಿ ಬ್ಯಾಂಕಿಗೆ ಅರ್ಜಿ ಹಾಕಿದ್ನಿರಿ ಕಾಕಾ. ಮೊದಲ ಕೇಳಿದ್ದ ‘ಯಾರ ಪೈಕಿ ನೀ?’ ಅಂತ. ನೌಕರಿ ಸಂಚಾಲಕರ ಅಕ್ಕನ ಮಗಗ ಹೋತು. ಎಂಪಿಎಸ್‌ಸಿ ಪೇಪರ್ ತಿದ್ದಾಂವಗ ನಮ್ಮಪ್ಪ ಯಾರಂತ ಗೊತ್ತಿರೂದಿಲ್ಲರಿ” ಎಂದ.

ನನಗೆ ಮಾತು ಹೊರಡಲಿಲ್ಲ. ಸಹಕಾರಿ ಸಂಸ್ಥೆಯೊಂದರಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ಸಂದರ್ಶನಕ್ಕೆ ಮೊದಲೇ ಹೆಸರುಗಳು ಬರುತ್ತಿದ್ದವು. ಅಳಿಯ, ಭಾವಮೈದ, ಬೀಗರ ಮಗ. ಅವರ ಪಗಾರದ ಹಾಳೆಗೆ ನಾನು ತುಟಿ ಬಿಚ್ಚದೆ ಸಹಿ ಹಾಕಿದೆ. ಆ ಸಂಕಟ ಇನ್ನೂ ಇದೆ.

ಇಂಡಿ ತಾಲ್ಲೂಕಿನ ನಮ್ಮ ಮನೆತನದಲ್ಲಿ ಊರ ಲೆಕ್ಕ ಬರೆಯುವ ವಂಶಪಾರಂಪರ್ಯದ ಕುಲಕರ್ಣಿಕಿ ಇತ್ತು. ಮುಂಬಯಿ ಸರ್ಕಾರದ ಕಾಯ್ದೆಯಿಂದ 1951ರಲ್ಲಿ ಹೋಯಿತು. ಅಜ್ಜ ಕೊನೆಯವರೆಗೂ ಅದನ್ನು ಅನ್ಯಾಯವೆಂದೇ ತಿಳಿದರು. ನನ್ನ ಅಪ್ಪ ಹಾಗೆ ತಿಳಿಯಲಿಲ್ಲ, ಪರೀಕ್ಷೆ ಕಟ್ಟಿ ಮಾಸ್ತರರಾದರು. ವಂಶದ ಹಕ್ಕನ್ನು ನ್ಯಾಯಾಲಯವೂ ಒಪ್ಪಲಿಲ್ಲ. ಆಂಧ್ರದ ಹಳ್ಳಿಯೊಂದರ ಮುನಸೀಫ (ಗ್ರಾಮಾಧಿಕಾರಿ) ಹುದ್ದೆಯನ್ನು ಹಿಂದಿನ ಮುನಸೀಫರ ಮಗನೆಂಬ ಕಾರಣಕ್ಕೆ ಒಬ್ಬರಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1960ರ ಡಿಸೆಂಬರಿನಲ್ಲೇ ತಳ್ಳಿಹಾಕಿತು. ಸರ್ಕಾರಿ ಹುದ್ದೆಗೆ ವಂಶ ನೋಡಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಹಳ್ಳಿಯ ದಫ್ತರಕ್ಕೆ ಇಷ್ಟು ಕಟ್ಟುನಿಟ್ಟು ಬಂದ ಮೇಲೂ ಸಕ್ಕರೆ ಕಾರ್ಖಾನೆ, ಹಾಲು ಒಕ್ಕೂಟ, ಸಹಕಾರಿ ಬ್ಯಾಂಕು, ಶಿಕ್ಷಣ ಸಂಸ್ಥೆಗಳಲ್ಲಿ ವತನದಾರಿಕೆ ಹೆಸರಿಲ್ಲದೆ ಉಳಿದುಕೊಂಡಿದೆ.

ಮೇಲಿನವರಾದರೂ ನಾಚುವರೇ? 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಬಾರಾಮತಿಯಲ್ಲಿ ಶರದ್ ಪವಾರರ ಮಗಳ ಎದುರು ಅಜಿತ್ ಪವಾರರ ಪತ್ನಿ ನಿಂತರು. ಸೋತ ಕೆಲವೇ ದಿನಗಳಲ್ಲಿ ಅವರು ಅವಿರೋಧವಾಗಿ ರಾಜ್ಯಸಭೆಗೆ ಹೋದರು. ಅದೇ ಚುನಾವಣೆಯಲ್ಲಿ ಕರ್ನಾಟಕದ ಚಿಕ್ಕೋಡಿ, ಬೆಳಗಾವಿ, ಬಾಗಲಕೋಟೆ, ಬೀದರ್‌ಗಳಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದವರು ಸಚಿವರ ಮಕ್ಕಳು. ದಾವಣಗೆರೆಯಲ್ಲಿ ಕಾಂಗ್ರೆಸ್ಸಿನಿಂದ ಸಚಿವರ ಪತ್ನಿ, ಬಿಜೆಪಿಯಿಂದ ಸಂಸದರ ಪತ್ನಿ. ಆರಿಸುವವರು ಜನ ತಾನೇ ಎನ್ನುತ್ತಾರೆ. ಆದರೆ ಎರಡೂ ಕಡೆ ಮನೆಯವರನ್ನೇ ನಿಲ್ಲಿಸಿದರೆ ಮತದಾರ ಆರಿಸುವುದು ಯಾವ ಮನೆ ಎಂಬುದನ್ನಷ್ಟೇ. ಹೀಗೆ ಟಿಕೆಟ್ ಹಂಚುವ ಪಕ್ಷಗಳಿಂದ ಸಂಘ-ಸಂಸ್ಥೆಗಳ ನೇಮಕಾತಿಗೆ ಕಡಿವಾಣ ಹಾಕುವ ಕಾಯ್ದೆ ತಾನಾಗಿ ಬರುವುದಿಲ್ಲ. ನಾವೇ ಕೇಳಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಸರ್ಕಾರದ ಷೇರು, ಸಾಲ, ಅನುದಾನ ಪಡೆಯುವ ಪ್ರತಿ ಸಂಸ್ಥೆಯೂ ಲಿಖಿತ ಪರೀಕ್ಷೆ ನಡೆಸಿ ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ಆಡಳಿತ ಮಂಡಳಿಯವರೊಂದಿಗೆ ನಂಟಿದ್ದರೆ ಅಭ್ಯರ್ಥಿ ಅರ್ಜಿಯಲ್ಲೇ ಬರೆಯಲಿ, ಆ ಸಂಚಾಲಕರು ಸಂದರ್ಶನದ ಕೋಣೆಯಿಂದ ಹೊರಗಿರಲಿ. ಕರ್ನಾಟಕ, ಮಹಾರಾಷ್ಟ್ರ ಎರಡೂ ಸರ್ಕಾರಗಳು ಸಹಕಾರ ಕಾಯ್ದೆಯಲ್ಲಿ ಇದನ್ನು ಸೇರಿಸಲಿ. ಅಲ್ಲಿಯವರೆಗೆ ನಮ್ಮ ಓಣಿಯ ಹುಡುಗರಿಗೆ ಊರಿಗೆ ಹೋಗಿ ಎಂದು ಹೇಳುವ ಅಧಿಕಾರ ನನಗಂತೂ ಇಲ್ಲ.

– ನಿವೃತ್ತ ಲೆಕ್ಕಿಗ, ಸದಾಶಿವ ಪೇಠ, ಪುಣೆ