ಕೆರೆಗೆ ನೀರು ಕೊಡುವ ಮುನ್ನ ಊರಿಗೆ ಅಧಿಕಾರ ಕೊಡಿ

ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸುವ ಎತ್ತಿನಹೊಳೆ ಯೋಜನೆಯ ಜಗಳ ದಶಕ ದಾಟಿದೆ. 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಅಂದಾಜು ಈಗ 23,251 ಕೋಟಿಗೆ ಏರಿದೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕರೂ, 24 ಟಿಎಂಸಿ ಅಡಿ ನೀರು ಅಲ್ಲಿ ಇದೆಯೇ ಎಂಬ ವಾದ ನಿಂತಿಲ್ಲ. ಕೊರಟಗೆರೆಯ ಭೈರಗೊಂಡ್ಲು ಜಲಾಶಯದ ಪರಿಹಾರದ ತಕರಾರು ಬೇರೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ರೈತರ ಪಾಲಿಗೆ ಇನ್ನೂ ಒಂದು ಪ್ರಶ್ನೆ ಉಳಿದಿದೆ: ಬಂದ ನೀರನ್ನು ಕಾಯುವವರು ಯಾರು?

ಯೋಜನೆಯಲ್ಲಿ 527 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಮಾತಿದೆ. ಕೆರೆಯೆಂದರೆ ಬರೀ ಹಳ್ಳವಲ್ಲ. ನೀರು ತರುವ ಕಾಲುವೆ ಒತ್ತುವರಿಯಾಗಬಾರದು, ಏರಿಯ ಮೇಲೆ ಜಾಲಿ ಬೇರು ಬಿಡಬಾರದು, ತೂಬು ಸೋರಬಾರದು, ಕೋಡಿ ಕಟ್ಟಿಕೊಳ್ಳಬಾರದು. ಈ ಕೆಲಸ ವರ್ಷವರ್ಷವೂ ಇರುತ್ತದೆ. ಟೆಂಡರ್ ಮುಗಿಸಿ ಬಿಲ್ ಪಡೆದು ಹೋಗುವ ಗುತ್ತಿಗೆದಾರರಿಂದ ಇದು ಆಗದು.

ಹಿಂದೆ ನೀರುಗಂಟಿ ತೂಬು ಎತ್ತುತ್ತಿದ್ದ, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಹಾಯಿಸುತ್ತಿದ್ದ, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ. ಆ ಕಾಲವನ್ನು ಹಾಡಿ ಹೊಗಳಬೇಕಿಲ್ಲ. ಅನೇಕ ಊರುಗಳಲ್ಲಿ ನೀರುಗಂಟಿ ದಲಿತ, ನೀರು ಮೇಲ್ಜಾತಿಯ ಗದ್ದೆಯದು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದದ್ದು ನ್ಯಾಯವೇ. ಅನ್ಯಾಯವಾದದ್ದು ಆ ಕೆಲಸವನ್ನು ಸಂಬಳದ, ಗೌರವದ ಕೆಲಸವಾಗಿ ಮತ್ತೆ ಕಟ್ಟದೆ ಬಿಟ್ಟದ್ದು.

ಕಟ್ಟುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಜಲ ಸಂವರ್ಧನ ಯೋಜನೆ ತುಮಕೂರು ಜಿಲ್ಲೆಗೂ ಬಂತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು, ಜನ ವಂತಿಗೆ ಹಾಕಿದರು, ಹೂಳೆತ್ತಿದರು. 2012ರಲ್ಲಿ ಯೋಜನೆ ಮುಗಿಯಿತು. ಬಳಿಕ ಎಷ್ಟೋ ಸಂಘಗಳು ಹೆಸರಿಗಷ್ಟೇ ಉಳಿದವು. ‘ಹಳ್ಳಿಯವರಲ್ಲಿ ಒಗ್ಗಟ್ಟಿಲ್ಲ’ ಎಂದು ದೂರುವುದು ಸುಲಭ. ಆದರೆ ಒತ್ತುವರಿ ತೆರವುಗೊಳಿಸುವ ಅಧಿಕಾರವಿಲ್ಲದ, ಕಾಯಂ ಆದಾಯವಿಲ್ಲದ ಸಂಘಕ್ಕೆ ಜನ ಎಷ್ಟು ದಿನ ಬರುತ್ತಾರೆ? ಶ್ರಮದಾನಕ್ಕೆ ಕರೆದು, ತೀರ್ಮಾನಕ್ಕೆ ಕರೆಯದಿದ್ದರೆ ನಂಬಿಕೆ ಸಾಯುತ್ತದೆ. ಬಳಸುವವರೇ ನಿಯಮ ಮಾಡಿ, ತಪ್ಪಿದವರಿಗೆ ದಂಡ ಹಾಕುವಲ್ಲಿ ಸಾಮೂಹಿಕ ಸಂಪತ್ತು ಉಳಿಯುತ್ತದೆ ಎಂದು ನೇಪಾಳದ ನೀರಾವರಿ ಕಾಲುವೆಗಳವರೆಗೆ ಅಧ್ಯಯನ ಮಾಡಿ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಸಂಘ ಮತ್ತೆ ಬಲಿಷ್ಠ ಜಾತಿಯ ಕೈಗೆ ಹೋದರೆ? ಆತಂಕ ಸರಿಯಾದದ್ದೇ. ಇದಕ್ಕೆ ಪರಿಹಾರ ಸಂಘವನ್ನು ಮುಚ್ಚುವುದಲ್ಲ. ದಲಿತರಿಗೆ, ಮಹಿಳೆಯರಿಗೆ, ಭೂಮಿಯಿಲ್ಲದವರಿಗೆ ಅದರಲ್ಲಿ ಸ್ಥಾನ ಕಡ್ಡಾಯವಾಗಲಿ, ಲೆಕ್ಕ ಗ್ರಾಮಸಭೆಯಲ್ಲಿ ಓದಲಿ.

ಸಂವಿಧಾನದ 11ನೇ ಅನುಸೂಚಿ ಸಣ್ಣ ನೀರಾವರಿಯನ್ನು ಪಂಚಾಯಿತಿಗೆ ವಹಿಸಬಹುದಾದ ವಿಷಯವೆಂದು ಹೇಳುತ್ತದೆ. ಸರ್ಕಾರ ಅದನ್ನು ಪೂರ್ಣವಾಗಿ ವಹಿಸಲಿ. ಪ್ರತಿ ಕೆರೆಗೂ ಪಂಚಾಯಿತಿ ಸಂಬಳದ ನೀರುಗಂಟಿ ಇರಲಿ, ಯಾವ ಜಾತಿಯವರಾದರೂ ಸರಿ. ಮೀನು ಹರಾಜಿನ ಹಣ ಅದೇ ಕೆರೆಯ ದುರಸ್ತಿಗೆ ಹೋಗಲಿ. ಕಾಲುವೆಯ ಅಳತೆ ಮಾಡಿ ಗಡಿಕಲ್ಲು ನೆಡಲಿ. 23 ಸಾವಿರ ಕೋಟಿ ಸುರಿಯುವ ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ. ನೀರು ಮಧುಗಿರಿ ಮುಟ್ಟುವ ಮೊದಲೇ ಇದು ಆಗಬೇಕು. ಆಗದಿದ್ದರೆ ಪೈಪಿನಲ್ಲಿ ಬಂದ ನೀರಿಗೂ ಮಳೆಯಲ್ಲಿ ಬಂದ ನೀರಿಗಾದ ಗತಿಯೇ.