ಯಂತ್ರದ ಮೌನ ಮತ್ತು ನಮ್ಮ ತೀರ್ಪು

ಮನೆಯಲ್ಲಿ ಯಾವುದಾದರೊಂದು ಯಂತ್ರ ನಾವು ಬಯಸಿದಂತೆ ನಡೆಯದಿದ್ದ ಕೂಡಲೆ ಅದು ಕೆಟ್ಟಿತೆಂದು ತೀರ್ಮಾನಿಸುವುದು ಈಚಿನ ವಾಡಿಕೆ. ಮನುಷ್ಯರ ವಿಷಯದಲ್ಲಿ ನಾವು ಇಷ್ಟು ಆತುರರಲ್ಲ. ಕರೆದಾಗ ಓಗೊಡದವನನ್ನು ಒಡನೆಯೇ ಕಿವುಡನೆನ್ನುವುದಿಲ್ಲ. ನಮ್ಮ ಕರೆ ಅವನಿಗೆ ಮುಟ್ಟಿತೋ ಇಲ್ಲವೋ, ಮುಟ್ಟಿದರೂ ನಮ್ಮ ಭಾಷೆ ಅವನಿಗೆ ತಿಳಿಯಿತೋ ಇಲ್ಲವೋ ಎಂದು ವಿಚಾರಿಸುತ್ತೇವೆ. ಈ ಸೌಜನ್ಯವನ್ನು ಯಂತ್ರಕ್ಕೂ ತೋರಬೇಕೆಂಬುದು ನನ್ನ ವಾದ. ಇದಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನ ಇಪ್ಪತ್ತು ವರ್ಷ ಹಳೆಯ ಹೋಮ್ ಥಿಯೇಟರ್ ರಿಸೀವರ್. ಅದರ ಮೂಲಕ ಡಿಸ್ಕುಗಳನ್ನು ಕೇಳುವಾಗ ಒದಗುವ ತೊಡಕು. ಕನ್ನಡ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ, ಉತ್ತರವನ್ನು ಮುಂದೆ ಕೊಡುತ್ತೇನೆ.

ಚಿತ್ರಮಂದಿರದಲ್ಲಿ ಧ್ವನಿ ತೆರೆಯ ಕಡೆಯಿಂದ ಮಾತ್ರವಲ್ಲದೆ ಪಕ್ಕದಿಂದಲೂ ಬೆನ್ನ ಹಿಂದಿನಿಂದಲೂ ಬರುವುದನ್ನು ಎಲ್ಲರೂ ಬಲ್ಲರು. ಈಗ ನಮಗೆ ಪರಿಚಿತವಾಗಿರುವ ಡಾಲ್ಬಿ ಡಿಜಿಟಲ್ ಕ್ರಮ 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಡನೆ ಬಂದಿತು. ಡಿಟಿಎಸ್ ಎಂಬ ಅದರ ಪ್ರತಿಸ್ಪರ್ಧಿ ಮರುವರ್ಷ 'ಜುರಾಸಿಕ್ ಪಾರ್ಕ್' ಚಿತ್ರದೊಡನೆ. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿ ಈ ಅನುಭವವನ್ನು ಮನೆಮನೆಗೂ ತಂದಿತು. ಎದುರಿಗೆ ಎಡ, ನಡು, ಬಲವೆಂದು ಮೂರು ಸ್ಪೀಕರುಗಳು. ಕೇಳುವವರ ಎರಡು ಪಕ್ಕಗಳಲ್ಲಿ ತುಸು ಹಿಂದಕ್ಕೆ ಒಂದೊಂದು. ಮಂದ್ರದ ಗುಡುಗಿಗಾಗಿಯೇ ಒಂದು ಸಬ್‌ವೂಫರ್. ಇದನ್ನೇ 5.1 ಎನ್ನುವುದು. ಪಾತ್ರಗಳ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿನ ಪಾಲು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಡಿಸ್ಕಿನಲ್ಲಿರುವ ಧ್ವನಿ ಕಿವಿಗೆ ಮುಟ್ಟುವ ಮೊದಲು ಹಲವು ಕೈಗಳನ್ನು ದಾಟಬೇಕು. ಪ್ಲೇಯರ್ ಅದನ್ನು ಓದುತ್ತದೆ, ತಂತಿ ಹೊರುತ್ತದೆ, ರಿಸೀವರ್ ಬಿಡಿಸುತ್ತದೆ, ಸ್ಪೀಕರ್ ಉಚ್ಚರಿಸುತ್ತದೆ. ಓಲೆಯ ಗ್ರಂಥಗಳ ಸಂಪಾದನೆಯನ್ನು ಪಾಠ ಹೇಳುವವನಿಗೆ ಇದು ಬಹಳ ಪರಿಚಿತವಾದ ಚಿತ್ರ. ಮೂಲಪ್ರತಿಯಿಂದ ಲಿಪಿಕಾರನಿಗೆ, ಅವನಿಂದ ಇನ್ನೊಬ್ಬನಿಗೆ ಕಾವ್ಯ ಇಳಿದು ಬರುವಾಗ ಎಲ್ಲಿಯೋ ಒಂದೆಡೆ ಪಾಠ ಕೆಡುತ್ತದೆ. ಒಳ್ಳೆಯ ಸಂಪಾದಕ ಆ ಕಾರಣಕ್ಕೆ ಗ್ರಂಥವನ್ನು ಮೂಲೆಗೆಸೆಯುವುದಿಲ್ಲ. ದೋಷ ಯಾವ ಕೈಯಲ್ಲಿ ಸೇರಿತೆಂದು ಪ್ರತಿಗಳನ್ನು ಹೋಲಿಸಿ ಹುಡುಕುತ್ತಾನೆ. ಅಸಹಾಯಕರಾಗಿ ಅಂಗಡಿಗೆ ಓಡುವ ನಮ್ಮ ವಿದ್ಯಾವಂತರು ಮರೆತಿರುವುದು ಈ ವಿಧಾನವನ್ನೇ.

ಒಂದು ಪ್ರಸಂಗವನ್ನು ಹೇಳಬೇಕು. ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಇತಿಹಾಸದ ಮೇಷ್ಟರು, ಚಲನಚಿತ್ರಗಳ ಡಿಸ್ಕುಗಳನ್ನು ಬಹುಕಾಲದಿಂದ ಕೂಡಿಸಿದವರು. ಮನೆಗೆ ಸುಣ್ಣಬಣ್ಣವಾದ ಮೇಲೆ ಅವರಿಗೆ ಚಿತ್ರಗಳಲ್ಲಿ ಮಳೆಗಾಳಿ, ವಾದ್ಯಗಳೆಲ್ಲ ಕೇಳಿಸುತ್ತಿದ್ದವು. ಮಾತು ಮಾತ್ರ ಎಲ್ಲಿಯೋ ಪಾತಾಳದಲ್ಲಿ ಪಿಸುಗುಟ್ಟಿದಂತೆ. ಅಂಗಡಿಯ ಹುಡುಗ ಬಂದು ನೋಡಿ, ರಿಸೀವರಿಗೆ ವಯಸ್ಸಾಯಿತು, ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಹೇಳಿಹೋದನು. ಮೇಷ್ಟರು ಅದಕ್ಕಿಂತ ಕಠಿಣವಾದ ತೀರ್ಪನ್ನು ತಮ್ಮ ಮೇಲೆಯೇ ಕೊಟ್ಟುಕೊಂಡಿದ್ದರು.

"ರಿಸೀವರ್ ಸರಿಯಾಗೇ ಇದೆಯಪ್ಪ, ಹೋಗಿರುವುದು ನನ್ನ ಕಿವಿ. ಈ ಡಿಸ್ಕುಗಳನ್ನೆಲ್ಲ ನೀವೇ ತೆಗೆದುಕೊಂಡು ಹೋಗಿ" ಎಂದರು.

"ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಮಾತು ಹೇಗೆ ಕೇಳಿಸುತ್ತದೆ, ಸಾರ್?" ಎಂದೆ.

ಅವರು ತುಸು ಯೋಚಿಸಿ, "ಅವುಗಳಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ" ಎಂದರು.

ವಿಚಾರ ಇಲ್ಲಿಂದ ಹೊರಡಬೇಕು. ಮಂದವಾದ ಕಿವಿ ಡಿಸ್ಕಿನಿಂದ ಡಿಸ್ಕಿಗೆ ಪಕ್ಷಪಾತ ಮಾಡುವುದಿಲ್ಲ. ಹಳೆಯ ಚಿತ್ರಗಳ ಧ್ವನಿ ಎಡಬಲ ಎರಡೇ ವಾಹಿನಿಗಳಲ್ಲಿ ಅಚ್ಚಾಗಿತ್ತು. ಹೊಸ ಚಿತ್ರಗಳದು ಆರರಲ್ಲಿ. ಎಂದರೆ ಆರರಲ್ಲಿ ಎರಡು ಮಾತ್ರ ಊರು ಸೇರುತ್ತಿವೆ, ಮಾತನ್ನು ಹೊತ್ತ ನಡುವಿನದು ದಾರಿಯಲ್ಲಿ ಕಳೆದುಹೋಗುತ್ತಿದೆ. ರಿಸೀವರಿನಲ್ಲಿ ಪರೀಕ್ಷಾ ಧ್ವನಿಯ ಸೌಲಭ್ಯವೊಂದುಂಟು. ಅದನ್ನು ಒತ್ತಿದರೆ ಒಂದೊಂದು ಸ್ಪೀಕರಿನಿಂದಲೂ ಸರದಿಯ ಮೇಲೆ ಜಲಪಾತದಂಥ ಸದ್ದು ಬರುತ್ತದೆ. ಒತ್ತಿದಾಗ ಎಲ್ಲವೂ ಓಗೊಟ್ಟವು. ಆದುದರಿಂದ ರಿಸೀವರ್, ಸ್ಪೀಕರು, ಅವುಗಳ ನಡುವಣ ತಂತಿ ಮೂರೂ ನಿರ್ದೋಷಿಗಳು. ಉಳಿದದ್ದು ಪ್ಲೇಯರಿನಿಂದ ರಿಸೀವರಿಗೆ ಬರುವ ದಾರಿ. ಹಿಂಬದಿಯನ್ನು ನೋಡಿದರೆ, ಆರು ತಂತಿಗಳಿರಬೇಕಾದ ಕಡೆ ಬಣ್ಣದವರು ಮರಳಿ ಸಿಕ್ಕಿಸಿದ್ದುದು ಕೆಂಪು ಬಿಳುಪು ಎರಡನ್ನೇ. ಪ್ಲೇಯರ್ ಮಾತ್ರ ತಾನು ಆರು ಜನರಿಗೆ ಬಡಿಸುತ್ತಿರುವೆನೆಂದೇ ನಂಬಿತ್ತು.

ಆರು ತಂತಿಗಳ ಬದಲು ಒಂದೇ ಆಪ್ಟಿಕಲ್ ಕೇಬಲನ್ನು ಹಾಕಿ, ರಿಸೀವರಿನಲ್ಲಿ ಆ ದಾರಿಯನ್ನು ಡಿವಿಡಿಯ ಹೆಸರಿಗೆ ಗೊತ್ತುಮಾಡಿದೆವು. ಮಾತು ಸ್ಪಷ್ಟವಾಯಿತು, ಆದರೆ ಎದುರಿನ ಎರಡು ಸ್ಪೀಕರುಗಳಿಂದ ಮಾತ್ರ. ಈಗ ರಿಸೀವರಿನ ಮುಖದ ಮೇಲಿನ ಪುಟ್ಟ ಕಿಟಕಿಯನ್ನು ಓದಬೇಕು. ಅದರಲ್ಲಿ 'ಪಿಸಿಎಂ' ಎಂದಿತ್ತು. ಪ್ಲೇಯರ್ ಆರು ವಾಹಿನಿಗಳನ್ನು ತಾನೇ ಬಿಡಿಸಿ, ಎರಡಕ್ಕೆ ಕಲಸಿ ಕಳುಹಿಸುತ್ತಿದೆಯೆಂದು ಅದರ ಅರ್ಥ. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು 'ಬಿಟ್‌ಸ್ಟ್ರೀಮ್' ಎಂದು ಬದಲಿಸಿ, ಡಿಸ್ಕಿನ ಮೆನುವಿನಲ್ಲಿ 5.1 ಧ್ವನಿಯನ್ನು ಆರಿಸಿದೊಡನೆ ಕಿಟಕಿಯ ಬರಹ 'ಡಾಲ್ಬಿ ಡಿಜಿಟಲ್' ಎಂದು ತಿರುಗಿತು. ಕೋಣೆಯ ನಾಲ್ಕು ಮೂಲೆಗೂ ಜೀವ ಬಂದಿತು. ಮೇಷ್ಟರು ಡಿಸ್ಕುಗಳನ್ನು ಒಯ್ಯೆಂದು ಮತ್ತೆ ಹೇಳಲಿಲ್ಲ.

ಕಲಸಿ ಕಳುಹಿಸುವ ಅಗತ್ಯವೇನೆಂದು ಜಿಜ್ಞಾಸುಗಳು ಕೇಳಬಹುದು. ಆಪ್ಟಿಕಲ್ ದಾರಿ ರೂಪುಗೊಂಡದ್ದು ಸಿಡಿಯ ಕಾಲದಲ್ಲಿ, ಎರಡು ವಾಹಿನಿಗಳಿಗಾಗಿ. ಸಿಡಿಯ ಧ್ವನಿ ಸೆಕೆಂಡಿಗೆ 14,11,200 ಬಿಟ್ಟುಗಳು. ಆರು ವಾಹಿನಿಗಳನ್ನು ಬಿಡಿಸಿದ ರೂಪದಲ್ಲಿ ಕಳುಹಿಸುವುದಾದರೆ, ಒಂದೊಂದಕ್ಕೆ ಸೆಕೆಂಡಿಗೆ 48,000 ಮಾದರಿಗಳೂ ಮಾದರಿಗೆ 16 ಬಿಟ್ಟುಗಳೂ ಬೇಕಾಗಿ, ಮೊತ್ತ 46,08,000 ಆಗುತ್ತದೆ. ಅದೇ ಆರನ್ನೂ ಡಾಲ್ಬಿ ಡಿಜಿಟಲ್ ಡಿವಿಡಿಯಲ್ಲಿ ಹೆಚ್ಚೆಂದರೆ 4,48,000 ಬಿಟ್ಟುಗಳ ಗಂಟಾಗಿ ಕಟ್ಟುತ್ತದೆ. ಗಂಟನ್ನು ಬಿಚ್ಚದೆ ಕಳುಹಿಸಿದರೆ ಇಕ್ಕಟ್ಟಾದ ಬಾಗಿಲಿನಲ್ಲಿಯೂ ಹಾದುಹೋಗುತ್ತದೆ. ಹೊಸ್ತಿಲಲ್ಲೇ ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಹೊರಗುಳಿಯುತ್ತದೆ. ಬಿಟ್‌ಸ್ಟ್ರೀಮ್ ಎಂದರೆ 'ಬಿಚ್ಚದೆ ಕಳುಹಿಸು' ಎಂದರ್ಥ. ಹೀಗೆ ಬರೆದಿದ್ದರೆ ಎಷ್ಟು ಮನೆಗಳ ಗೊಂದಲ ತಪ್ಪುತ್ತಿತ್ತು!

ಇದೇ ತರ್ಕದಿಂದ ಉಳಿದ ತೊಡಕುಗಳೂ ಬಿಡುತ್ತವೆ. ಡಿಟಿಎಸ್ ಕ್ರಮದ ಸಂಗೀತದ ಸಿಡಿಗಳು ಕೆಲವೆಡೆ ಬರಿಯ ಬುಸುಗುಟ್ಟುವಿಕೆಯನ್ನು ಕೇಳಿಸುತ್ತವೆ. ಡಿಸ್ಕು ಹಾಳಾಗಿಲ್ಲ, ಗಂಟನ್ನು ಗಂಟೆಂದು ತಿಳಿಯದೆ ಅದನ್ನೇ ಹಾಡೆಂದು ಓದಲಾಗುತ್ತಿದೆ. ಮೊದಲು ಧ್ವನಿಯನ್ನು ತಗ್ಗಿಸಬೇಕು, ಆ ಸದ್ದು ಸ್ಪೀಕರಿಗೆ ಒಳ್ಳೆಯದಲ್ಲ. ಅನಂತರ ಡಿಜಿಟಲ್ ದಾರಿಯನ್ನೂ ಬಿಟ್‌ಸ್ಟ್ರೀಮನ್ನೂ ಆರಿಸಬೇಕು. ರಿಸೀವರಿನ ಮೇಲೆ ಡಿಟಿಎಸ್ ಮುದ್ರೆಯೇ ಇಲ್ಲದಿದ್ದರೆ ಅದಕ್ಕೆ ಆ ಭಾಷೆ ಬಾರದು; ಡಿವಿಡಿಯಾದರೆ ಅದರ ಡಾಲ್ಬಿ ಪಾಠವನ್ನು ಆರಿಸುವುದೇ ಉಪಾಯ. 1999ರಲ್ಲಿ ಬಂದ ಎಸ್‌ಎಸಿಡಿಯ ಬಹುವಾಹಿನಿ ಸಂಗೀತ ಆಪ್ಟಿಕಲ್ ದಾರಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಆ ಆರು ತಂತಿಗಳೇ ಬೇಕು. 2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನ ಉತ್ಕೃಷ್ಟ ಧ್ವನಿಯನ್ನು ಹಳೆಯ ರಿಸೀವರ್ ಅರಗಿಸಿಕೊಳ್ಳಲಾರದು. ಆದರೆ ಡಾಲ್ಬಿ ಟ್ರೂಎಚ್‌ಡಿಯ ಜೊತೆಗೆ ಹಳೆಯ ಡಾಲ್ಬಿ ಪಾಠವೂ, ಡಿಟಿಎಸ್-ಎಚ್‌ಡಿಯ ಒಡಲಲ್ಲಿ ಹಳೆಯ ಡಿಟಿಎಸ್ಸೂ ಅಡಗಿವೆ. ಬಿಟ್‌ಸ್ಟ್ರೀಮಿನಲ್ಲಿ ಅವು ಹಳೆಯ ಯಂತ್ರಕ್ಕೂ ದಕ್ಕುತ್ತವೆ. ಆ ತಂತ್ರವನ್ನು ರೂಪಿಸಿದವರಿಗೆ ಹಿಂದಿನವರನ್ನು ಕೈಬಿಡದ ಔದಾರ್ಯವಿತ್ತು. ಮಾರುವವರಿಗೂ ಕೊಳ್ಳುವವರಿಗೂ ಅದು ಇಲ್ಲವಾಯಿತು.

ಹಳೆಯದೆಲ್ಲವೂ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಆಂಪ್ಲಿಫೈಯರಿನ ಒಳಗಿನ ಭಾಗ ಸುಟ್ಟಿದ್ದರೆ, ಪ್ಲೇಯರಿನ ಲೇಸರ್ ಸವೆದಿದ್ದರೆ ಯಾವ ಮೆನುವೂ ನೆರವಾಗದು. ಬಲ್ಲ ರಿಪೇರಿಯವನನ್ನು ಕರೆಯಬೇಕು. ಅವನೂ ಕೈಚೆಲ್ಲಿದರೆ ಹೊಸದನ್ನು ಕೊಳ್ಳುವುದು ವಿವೇಕವೇ. ಹಳೆಯದನ್ನು ಇ-ತ್ಯಾಜ್ಯವೆಂದು ಸರಿಯಾದ ಕಡೆಗೆ ಒಪ್ಪಿಸುವುದು ಕರ್ತವ್ಯ. ಆದರೆ ಆ ತೀರ್ಪು ವಿಚಾರಣೆಯ ಅನಂತರ ಬರಬೇಕು, ಮೊದಲಲ್ಲ. ಪರೀಕ್ಷಾ ಧ್ವನಿ, ಡಿಸ್ಕುಗಳ ಹೋಲಿಕೆ, ತಂತಿಗಳ ಎಣಿಕೆ, ಕಿಟಕಿಯ ಬರಹ ಈ ನಾಲ್ಕಕ್ಕೆ ಅರ್ಧ ಗಂಟೆಯೂ ಬೇಡ, ಕಾಸೂ ಬೇಡ.

ಈಗ, ಕನ್ನಡ ಅಧ್ಯಾಪಕನಿಗೆ ಇದರ ಗೊಡವೆ ಏಕೆಂಬ ಪ್ರಶ್ನೆ. ಮೇಷ್ಟರ ಮನೆಯಲ್ಲಿ ಕೈಪಿಡಿ ಇತ್ತು. ನಾನು ಹೇಳಿದುದೆಲ್ಲವೂ ಅದರಲ್ಲಿತ್ತು. ಐವತ್ತು ವರ್ಷ ಇಂಗ್ಲಿಷ್ ಗ್ರಂಥಗಳನ್ನು ಓದಿದ ವಿದ್ವಾಂಸರು ಅದನ್ನು ಎರಡು ಪುಟ ಓದಿ ಮುಚ್ಚಿಟ್ಟಿದ್ದರು. ಏಕೆಂದರೆ ಅದು ಹೆಸರುಗಳನ್ನು ಹೇಳುತ್ತದೆ, ಅರ್ಥವನ್ನು ಹೇಳುವುದಿಲ್ಲ. ನಮ್ಮ ರಿಪೇರಿಯವರು ಇದನ್ನೆಲ್ಲ ಕನ್ನಡದಲ್ಲಿಯೇ ಯೋಚಿಸುತ್ತಾರೆ, ಶಿಷ್ಯರಿಗೆ ಕನ್ನಡದಲ್ಲಿಯೇ ಕಲಿಸುತ್ತಾರೆ. ಆದರೆ ಆ ಅರಿವು ಬಾಯಿಂದ ಬಾಯಿಗೆ ಹರಿದು ಅವರೊಂದಿಗೇ ಮುಗಿಯುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರ ಶ್ರಮದಿಂದ 1918ರಲ್ಲಿಯೇ 'ವಿಜ್ಞಾನ'ವೆಂಬ ಪತ್ರಿಕೆಯನ್ನು ಕಂಡ ಭಾಷೆ ನಮ್ಮದು. ಕಾರಂತರು ಸಂಪುಟ ಸಂಪುಟವಾಗಿ ವಿಜ್ಞಾನವನ್ನು ಬರೆದ ಭಾಷೆ. ಒಂದು ಪ್ಲೇಯರಿನ ಮೆನುವನ್ನು ವಿವರಿಸುವ ಕಸುವು ಅದಕ್ಕಿಲ್ಲವೆ? ಹೊಸ ಪದಗಳನ್ನು ಟಂಕಿಸುವ ಹಟವೂ ಬೇಕಿಲ್ಲ. ರಿಸೀವರ್ ರಿಸೀವರಾಗಿಯೇ ಇರಲಿ. ಅದು ಏನು ಮಾಡುತ್ತದೆಂಬುದು ಕನ್ನಡದಲ್ಲಿರಲಿ.

ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಪ್ರಬಂಧದ ವಿಷಯ ಕೊಡುತ್ತೇವೆ: ಮಳೆಗಾಲ, ದೇಶಭಕ್ತಿ, ಸಮಯದ ಮಹತ್ತ್ವ. ಅವುಗಳ ನಡುವೆ ಒಮ್ಮೆಯಾದರೂ, ಮನೆಯಲ್ಲಿರುವ ಯಾವುದಾದರೊಂದು ಯಂತ್ರ ಕೆಲಸ ಮಾಡದಿದ್ದಾಗ ಏನೇನನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರೆಂದು ಕೇಳೋಣ. ಬರೆಯಲು ಕುಳಿತವನಿಗೆ, ತಿಳಿಯದುದನ್ನು ತಿಳಿದಂತೆ ಬರೆಯಲಾಗದೆಂಬುದು ಮೊದಲನೆಯ ವಾಕ್ಯದಲ್ಲಿಯೇ ಮನವರಿಕೆಯಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.